ಗಣಕಯಂತ್ರದ ನಾಡಿಪರೀಕ್ಷೆ

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಒಂದು ಹೋಬಳಿ ಕೇಂದ್ರ. ಸುತ್ತಣ ಹಳ್ಳಿಯ ರೈತನಿಗೆ ತನ್ನ ಹೊಲದ ಪಹಣಿ ಬೇಕಾದರೂ, ಮಗಳ ವಿದ್ಯಾರ್ಥಿವೇತನಕ್ಕಾಗಿ ಆದಾಯದ ಪ್ರಮಾಣಪತ್ರ ಬೇಕಾದರೂ ಅವನು ಹೋಗತಕ್ಕದ್ದು ಇಂಥ ಕೇಂದ್ರದ ನಾಡಕಚೇರಿಗೆ. ಗಣಕಯಂತ್ರದ ಕೀಲಿಮಣೆಯನ್ನು ಅವನು ಜೀವಮಾನದಲ್ಲಿ ಒಮ್ಮೆಯೂ ಮುಟ್ಟದಿದ್ದಿರಬಹುದು. ಆದರೂ ಅವನ ಸರ್ವೆ ನಂಬರು, ಜಮೀನಿನ ವಿಸ್ತೀರ್ಣ, ಬೆಳೆಯ ವಿವರ, ಸಾಲದ ಹೊರೆ ಎಲ್ಲವೂ ಆ ಯಂತ್ರದ ಹೊಟ್ಟೆಯೊಳಗೇ ಇವೆ. ಯಂತ್ರ ಮುನಿಸಿಕೊಂಡ ದಿನ ಸಾಲಿನಲ್ಲಿ ನಿಂತವರಿಗೆ ದೊರೆಯುವ ಉತ್ತರವನ್ನು ನಮ್ಮ ನಾಡಿನ ಯಾವ ಹೋಬಳಿಯಲ್ಲಿಯಾದರೂ ಕೇಳಬಹುದು: “ಸರ್ವರ್ ಇಲ್ಲ ತಾತ, ನಾಳೆ ಬನ್ನಿ.”

ನಾಳೆ ಬರುವುದೆಂದರೆ ಮತ್ತೊಂದು ದಿನದ ಕೂಲಿ ಹೋಯಿತು. ಬಸ್ಸಿನ ಖರ್ಚೂ ಹೋಯಿತು. ಅರ್ಜಿ ಸಲ್ಲಿಸಲು ಅಂದೇ ಕಡೆಯ ದಿನವಾಗಿದ್ದರೆ ಹುಡುಗಿಯ ಒಂದು ವರ್ಷದ ವಿದ್ಯಾರ್ಥಿವೇತನವೇ ಹೋಯಿತು. ಆದುದರಿಂದ “ಸರ್ವರ್ ಇಲ್ಲ” ಎಂಬ ಮಾತನ್ನು ನಾವು ಸ್ವಲ್ಪ ಗಂಭೀರವಾಗಿಯೇ ಪರಿಶೀಲಿಸಬೇಕಾಗಿದೆ. ಇದು ವೈದ್ಯನು ರೋಗಕ್ಕೆ ಹೆಸರಿಟ್ಟಂತೆ ಒಂದು ರೋಗನಿರ್ಣಯ. ನಾಡಿ ಹಿಡಿದು ನೋಡಿ ಹೇಳಿದ ಮಾತೇ, ಅಥವಾ ದೂರದಿಂದಲೇ ಊಹಿಸಿ ಹೇಳಿದ ಮಾತೇ? ದೋಷವಿರುವುದು ನಿಜವಾಗಿಯೂ ಬೆಂಗಳೂರಿನ ಯಂತ್ರದಲ್ಲಿಯೋ ಅಥವಾ ಮೇಜಿನ ಕೆಳಗಿನ ಸಡಿಲವಾದ ತಂತಿಯಲ್ಲಿಯೋ ಎಂಬುದನ್ನು ಕಂಡುಕೊಳ್ಳುವುದು ಹೇಗೆ?

ಗಣಕದ ಮೇಲಿನ ಈ ಅವಲಂಬನೆ ಬಹಳ ಹಳೆಯದೇನಲ್ಲ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಲಾಯಿತು; 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕೇಂದ್ರಗಳಲ್ಲೆಲ್ಲ 15 ರೂಪಾಯಿ ಕೊಟ್ಟವರಿಗೆ ಅಚ್ಚಾದ ಪಹಣಿ ದೊರೆಯತೊಡಗಿತು. ಈ ಸೀಮೆ ಆಗಿನ್ನೂ ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಅದಕ್ಕೆ ಮುಂಚೆ ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ನಕಲಿಗೆ ಗಣಕ ಬಂದ ಮೇಲೆ ಕಾನೂನಿನ ಮಾನ್ಯತೆ ಹೋಯಿತು. ಅದರಿಂದ ತಿದ್ದುಪಡಿಯ ಮೋಸಗಳು ಕಡಮೆಯಾದುವೆಂಬುದು ನಿಜ. ಆದರೆ ಹಿಂದೆ ಒಂದು ಲೇಖನಿ ಕೆಟ್ಟರೆ ಇನ್ನೊಂದು ಲೇಖನಿಯಿತ್ತು. ಈಗ ಗಣಕ ಕೆಟ್ಟರೆ ಎರಡನೆಯ ದಾರಿಯಿಲ್ಲ. ಆದಕಾರಣ ಗಣಕದ ಮುಂದೆ ಕುಳಿತವರಿಗೆ ಬೆರಳಚ್ಚಿನ ವೇಗಕ್ಕಿಂತಲೂ ದೋಷ ಹುಡುಕುವ ವಿದ್ಯೆ ಹೆಚ್ಚು ಬೇಕೆಂದು ನಮ್ಮ ಅಭಿಪ್ರಾಯ.

ಈ ವಿದ್ಯೆಯನ್ನು ಮಂಡಿಕಲ್ ಸೀಮೆಯ ರೈತರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಸದಾ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿಗಳನ್ನು ಮೀರಿದ ಕೊಳವೆಬಾವಿಗಳು ಅಪರೂಪವಲ್ಲ. ಒಂದು ಬೆಳಿಗ್ಗೆ ನೀರು ಬಾರದೆ ಹೋಯಿತೆನ್ನೋಣ. ರೈತನು ಒಡನೆಯೇ ಮೋಟಾರನ್ನು ಮೇಲೆತ್ತಿಸುತ್ತಾನೆಯೆ? ಇಲ್ಲ. ಸಾವಿರ ಅಡಿ ಪೈಪನ್ನು ಎತ್ತಿಸಲು ಲಾರಿ ಬರಬೇಕು, ಆಳು ಬರಬೇಕು, ಹಣ ತೆರಬೇಕು. ಅವನು ಮೊದಲು ನೋಡುವುದು ಮೂರು ಫೇಸೂ ಬಂದಿವೆಯೇ ಎಂಬುದನ್ನು. ಆಮೇಲೆ ಫ್ಯೂಸು, ಆಮೇಲೆ ಸ್ಟಾರ್ಟರು. ಮೋಟಾರು ತಿರುಗುವಾಗ ಮೀಟರಿನ ಮುಳ್ಳು ಎಷ್ಟು ಆಂಪಿಯರ್ ತೋರಿಸುತ್ತದೆಯೆಂದು ನೋಡಿಯೇ, ನೀರಿಲ್ಲದೆ ಬರಿದೇ ತಿರುಗುತ್ತಿದೆಯೋ ಅಥವಾ ಸಿಕ್ಕಿಹಾಕಿಕೊಂಡಿದೆಯೋ ಎಂದು ಹೇಳಬಲ್ಲ ಅನುಭವಸ್ಥರೂ ಉಂಟು. ಇದರಲ್ಲಿ ಎರಡು ಸೂತ್ರಗಳು ಅಡಗಿವೆ: ಹೆಚ್ಚು ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡುವುದು, ಹೆಚ್ಚಾಗಿ ಕೆಡುವ ಭಾಗವನ್ನು ಮೊದಲು ನೋಡುವುದು.

ಗಣಕಕ್ಕೆ ಇನ್ನೊಂದು ಸೂತ್ರವನ್ನು ಸೇರಿಸಬೇಕು. ಗೋಡೆಯ ಪ್ಲಗ್ಗಿನಿಂದ ಹಿಡಿದು ಯುಪಿಎಸ್, ಗಣಕದೊಳಗಿನ ವಿದ್ಯುತ್ ಪೆಟ್ಟಿಗೆ, ಮುಖ್ಯ ಫಲಕ, ಸ್ಮೃತಿ, ಡಿಸ್ಕು, ಕಾರ್ಯಾಚರಣ ವ್ಯವಸ್ಥೆ, ಕೆಲಸದ ತಂತ್ರಾಂಶ, ಜಾಲದ ತಂತಿ, ರೌಟರು, ದೂರದ ಸರ್ವರು ಇವೆಲ್ಲ ಒಂದು ಸರಪಣಿಯ ಕೊಂಡಿಗಳು. ಒಂದು ತುದಿಯಿಂದ ಪ್ರತಿಯೊಂದು ಕೊಂಡಿಯನ್ನೂ ಪರೀಕ್ಷಿಸುತ್ತ ಹೋದರೆ ಸಂಜೆಯಾದೀತು. ಸರಪಣಿಯ ನಡುವೆ ಒಂದು ಕಡೆ ಪರೀಕ್ಷಿಸಿದರೆ ದೋಷ ಆಚೆಯ ಅರ್ಧದಲ್ಲಿದೆಯೋ ಈಚೆಯ ಅರ್ಧದಲ್ಲಿದೆಯೋ ತಿಳಿಯುತ್ತದೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಹದಿನಾರು ಕೊಂಡಿಗಳಿದ್ದರೂ ನಾಲ್ಕೇ ಪರೀಕ್ಷೆಗಳಲ್ಲಿ ಕೆಟ್ಟ ಕೊಂಡಿ ಸಿಕ್ಕೀತು. ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ತಂತಿಯನ್ನೂ ಪ್ರಿಂಟರನ್ನೂ ತಂತ್ರಾಂಶವನ್ನೂ ಒಟ್ಟಿಗೆ ಬದಲಾಯಿಸಿದಾಗ ಯಂತ್ರ ಸರಿಹೋದರೂ ಕೆಟ್ಟಿದ್ದುದು ಯಾವುದೆಂದು ತಿಳಿಯುವುದಿಲ್ಲ. ಅದು ಮತ್ತೆ ಕೆಡುತ್ತದೆ.

ಈಗ ಕೆಲವು ರೋಗಿಗಳನ್ನು ನೋಡೋಣ. ಇವು ಯಾವ ಕಚೇರಿಯಲ್ಲಿಯಾದರೂ ಕಾಣಸಿಗುವಂಥವು.

ಮೊದಲನೆಯದು ವಿಚಿತ್ರವಾದುದು. ಗಣಕ ದಿನವೆಲ್ಲ ಚೆನ್ನಾಗಿ ನಡೆಯುತ್ತದೆ. ಪ್ರಮಾಣಪತ್ರವನ್ನು ಅಚ್ಚುಮಾಡಲು ಆಜ್ಞೆ ಕೊಟ್ಟ ಒಡನೆಯೇ ಆರಿಹೋಗುತ್ತದೆ. ತಂತ್ರಾಂಶದ ಮೇಲೆ ಸಂಶಯ ಬರುವುದು ಸಹಜ. ಅದನ್ನು ಅಳಿಸಿ ಮತ್ತೆ ಹಾಕುವವರೂ ಉಂಟು. ಆದರೆ ಲೇಸರ್ ಪ್ರಿಂಟರ್ ಕೆಲಸ ಮಾಡುವ ಬಗೆಯನ್ನು ಬಲ್ಲವರಿಗೆ ಇದರಲ್ಲಿ ರಹಸ್ಯವಿಲ್ಲ. ಅದು ಶಾಯಿಯ ಪುಡಿಯನ್ನು ಕಾಗದದ ಮೇಲೆ ಉದುರಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಉರುಳೆಯಿಂದ ಒತ್ತಿ, ಪುಡಿಯನ್ನು ಕರಗಿಸಿ ಅಂಟಿಸುತ್ತದೆ. ಆ ಉರುಳೆ ಕಾಯುವ ಕೆಲವು ಸೆಕೆಂಡುಗಳಲ್ಲಿ ನೂರಾರು ವಾಟ್ ವಿದ್ಯುತ್ತನ್ನು ಸೆಳೆಯುತ್ತದೆ. ಸಾಮಾನ್ಯವಾಗಿ ಮೇಜಿನ ಕೆಳಗಿರುವ 600 ವಿಎ ಯುಪಿಎಸ್ ಕೊಡಬಲ್ಲುದು ಸುಮಾರು 360 ವಾಟ್ ಮಾತ್ರ. ಪ್ರಿಂಟರನ್ನೂ ಅದಕ್ಕೇ ಜೋಡಿಸಿದ್ದರೆ, ಬಡಕಲು ಎತ್ತಿನ ಬಂಡಿಗೆ ಕಲ್ಲಿನ ಹೊರೆ ಹೇರಿದಂತಾಗಿ ಯುಪಿಎಸ್ ಕೈಚೆಲ್ಲುತ್ತದೆ. ಅದನ್ನೇ ನಂಬಿದ ಗಣಕವೂ ಆರುತ್ತದೆ. ಪರೀಕ್ಷೆ ಸುಲಭ: ಪ್ರಿಂಟರಿನ ಪ್ಲಗ್ಗನ್ನು ಕಿತ್ತು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕುವುದು. ಲೇಸರ್ ಪ್ರಿಂಟರಿನ ಸ್ಥಾನ ಗೋಡೆಯೇ ಹೊರತು ಯುಪಿಎಸ್ ಅಲ್ಲ.

ವಿದ್ಯುತ್ತಿನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ನಮ್ಮ ಮನೆಗಳಿಗೆ ಬರತಕ್ಕ ವಿದ್ಯುತ್ತು 230 ವೋಲ್ಟ್ ಎಂಬುದು ಕಾಗದದ ಲೆಕ್ಕ. ಪಂಪಿನ ಮೋಟಾರು ಪ್ರಾರಂಭವಾಗುವ ಕ್ಷಣದಲ್ಲಿ, ಓಡುವಾಗ ಸೆಳೆಯುವುದರ ಐದಾರು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಅಕ್ಕಪಕ್ಕದ ಮೋಟಾರುಗಳು ಒಟ್ಟಿಗೆ ಚಾಲೂ ಆದಾಗ ಹಳ್ಳಿಯ ದೀಪಗಳು ಮಂಕಾಗುವುದನ್ನು ಎಲ್ಲರೂ ನೋಡಿದ್ದಾರೆ. ಈ ಕುಸಿತವನ್ನು ತಡೆದುಕೊಳ್ಳುವುದಕ್ಕಾಗಿಯೇ ಯುಪಿಎಸ್ ಇರುವುದು. ಆದರೆ ಅದರೊಳಗಿನ ಸೀಸದ ಬ್ಯಾಟರಿಯ ಆಯುಸ್ಸು ಎರಡರಿಂದ ನಾಲ್ಕು ವರ್ಷ. ಬಳಿಕ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಮಾತ್ರ ಸತ್ತಿರುತ್ತದೆ. ದಾಖಲೆಗಳನ್ನೆಲ್ಲ ಉಳಿಸಿಟ್ಟು, ತಿಂಗಳಿಗೊಮ್ಮೆ ಯುಪಿಎಸ್‌ನ ಪ್ಲಗ್ಗನ್ನು ಕಿತ್ತು ಎಷ್ಟು ನಿಮಿಷ ನಿಲ್ಲುತ್ತದೆಯೆಂದು ನೋಡುವ ಕಚೇರಿಗಳು ಎಷ್ಟಿವೆಯೋ!

ಎರಡನೆಯ ರೋಗಿ ಮೇಲ್ನೋಟಕ್ಕೆ ಸತ್ತಂತೆಯೇ ಕಾಣುತ್ತದೆ. ಗುಂಡಿ ಒತ್ತಿದರೆ ಗಾಳಿಯಂತ್ರ ತಿರುಗುತ್ತದೆ, ಕೀಂಕೀಂ ಎಂದು ಸದ್ದಾಗುತ್ತದೆ, ಪರದೆ ಕಪ್ಪು. ನಮ್ಮ ಬಯಲುಸೀಮೆಯ ದೂಳು ಹಾಗೂ ಗಾಳಿಯ ತೇವ ಸೇರಿ, ಸ್ಮೃತಿಫಲಕದ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳುಪೊರೆ ಕಟ್ಟಿರುವುದೇ ಬಹುಸಲ ಇದಕ್ಕೆ ಕಾರಣ. ಪ್ಲಗ್ಗನ್ನು ಕಿತ್ತು, ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತನ್ನು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಕಳೆದುಕೊಂಡು, ಆ ಫಲಕವನ್ನು ಹೊರತೆಗೆದು, ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂರಿಸಿದರೆ ಯಂತ್ರ ಎದ್ದು ಕೂರುವುದುಂಟು.

ಮೂರನೆಯದನ್ನು ನಾವು ಸ್ವಲ್ಪ ವಿವರವಾಗಿ ಹೇಳುತ್ತೇವೆ. “ಸರ್ವರ್ ಇಲ್ಲ” ಎಂಬ ಸುಳ್ಳು ನಿರ್ಣಯಕ್ಕೆ ಇದು ಒಳ್ಳೆಯ ಉದಾಹರಣೆ. ಬೆಳಿಗ್ಗೆ ಗಣಕವನ್ನು ತೆರೆದರೆ ಸರ್ಕಾರದ ಜಾಲತಾಣಗಳು ಒಂದೂ ತೆರೆಯುವುದಿಲ್ಲ. ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ. ಪಕ್ಕದ ಮೇಜಿನ ಗಣಕದಲ್ಲಿ ಅವೇ ತಾಣಗಳು ತೆರೆಯುತ್ತವೆ. ಆದುದರಿಂದ ಸರ್ವರೂ ಸರಿ, ತಂತಿಯೂ ಸರಿ. ಪರದೆಯ ಬಲಮೂಲೆಯನ್ನು ನೋಡಿದರೆ ತಾರೀಖು ಹತ್ತಾರು ವರ್ಷ ಹಿಂದಿನದು!

ಗಣಕವನ್ನು ಆರಿಸಿದಾಗಲೂ ಅದರೊಳಗಿನ ಗಡಿಯಾರ ನಡೆಯುತ್ತಿರಬೇಕಲ್ಲವೆ? ಅದಕ್ಕಾಗಿ ಮುಖ್ಯ ಫಲಕದ ಮೇಲೆ ಒಂದು ಗುಂಡಿಯಾಕಾರದ ಲಿಥಿಯಂ ಬ್ಯಾಟರಿ ಇರುತ್ತದೆ. ಅದರ ಮೇಲೆ ‘ಸಿಆರ್ 2032’ ಎಂದು ಬರೆದಿರುವುದನ್ನು ಕಾಣಬಹುದು. ಈ ಅಂಕಿಗಳು ಒಗಟಲ್ಲ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದು ಅರ್ಥ. ಮೂರು ವೋಲ್ಟಿನ ಈ ಬ್ಯಾಟರಿ ಕೆಲವು ವರ್ಷಗಳ ಬಳಿಕ ತೀರಿಹೋಗುತ್ತದೆ. ಆಗ ರಾತ್ರಿ ವಿದ್ಯುತ್ತನ್ನು ಪೂರ್ತಿಯಾಗಿ ಕಡಿದ ಗಣಕಕ್ಕೆ ಬೆಳಿಗ್ಗೆ ಕಾಲದ ಪರಿವೆಯೇ ಇರುವುದಿಲ್ಲ; ಕಾರ್ಖಾನೆಯಲ್ಲಿ ನಿಗದಿಪಡಿಸಿದ ಹಳೆಯ ತಾರೀಖಿನಿಂದ ಎಣಿಸತೊಡಗುತ್ತದೆ. ಸುರಕ್ಷಿತ ತಾಣಗಳಾದರೋ ತಮ್ಮ ಗುರುತನ್ನು ಒಂದು ಪ್ರಮಾಣಪತ್ರದ ಮೂಲಕ ತೋರಿಸುತ್ತವೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಸಲ್ಲುವುದೆಂದು ಅದರಲ್ಲಿಯೇ ನಮೂದಾಗಿರುತ್ತದೆ. ತಾನು ಇನ್ನೂ ಹಳೆಯ ಕಾಲದಲ್ಲಿಯೇ ಇರುವೆನೆಂದು ನಂಬಿದ ಗಣಕಕ್ಕೆ ಆ ಪತ್ರ ಇನ್ನೂ ಹುಟ್ಟದ ಪತ್ರ. ಅದು ತಾಣವನ್ನು ನಂಬದಿರುವುದು ನ್ಯಾಯವೇ! ತಾರೀಖನ್ನು ಸರಿಪಡಿಸಿದರೆ ಅಂದಿನ ಕೆಲಸ ನಡೆಯುತ್ತದೆ. ಅಲ್ಪ ಬೆಲೆಯ ಬ್ಯಾಟರಿಯೊಂದನ್ನು ಹಾಕಿದರೆ ಮುಂದಿನ ಕೆಲವು ವರ್ಷಗಳ ಕೆಲಸ ನಡೆಯುತ್ತದೆ.

ಹಾಗಾದರೆ ಸರ್ವರು ನಿಜವಾಗಿಯೂ ಇಲ್ಲವೆಂದು ತಿಳಿಯುವ ಬಗೆಯೇನು? ಇದಕ್ಕೆ ‘ಪಿಂಗ್’ ಎಂಬ ಪುಟ್ಟ ಸಾಧನವಿದೆ. ಅಮೆರಿಕದ ಮೈಕ್ ಮ್ಯೂಸ್ ಎಂಬ ತಂತ್ರಜ್ಞನು 1983ರ ಡಿಸೆಂಬರಿನಲ್ಲಿ ಇದನ್ನು ರಚಿಸಿದನು. ಸಬ್‌ಮರೀನುಗಳು ನೀರಿನಲ್ಲಿ ಸದ್ದು ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವಂತೆ, ಇದು ಜಾಲದಲ್ಲಿ ಒಂದು ಸಣ್ಣ ಸಂದೇಶವನ್ನು ಕಳುಹಿಸಿ ಉತ್ತರಕ್ಕಾಗಿ ಕಾಯುತ್ತದೆ. ಮೊದಲು 127.0.0.1 ಎಂಬ ವಿಳಾಸಕ್ಕೆ ಕಳುಹಿಸಬೇಕು. ಅದು ಗಣಕವು ತನ್ನನ್ನು ತಾನೇ ಕೂಗಿಕೊಳ್ಳುವ ವಿಳಾಸ. ಅಲ್ಲಿಂದ ಉತ್ತರ ಬಂದರೆ ಕಚೇರಿಯ ಮೂಲೆಯಲ್ಲಿರುವ ರೌಟರನ್ನು ಕೂಗಬೇಕು. ಅದೂ ಓಗೊಟ್ಟರೆ ಹೊರಗಿನ ಯಾವುದಾದರೂ ಪರಿಚಿತ ವಿಳಾಸವನ್ನು ಅಂಕಿಗಳಲ್ಲಿ ಕೂಗಬೇಕು. ಕಡೆಗೆ ತಾಣವನ್ನು ಹೆಸರಿನಿಂದ ಕೂಗಬೇಕು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಕೆಟ್ಟಿರುವುದು ಹೆಸರನ್ನು ಅಂಕಿಯಾಗಿ ಪರಿವರ್ತಿಸುವ ವ್ಯವಸ್ಥೆ, ಎಂದರೆ ಜಾಲದ ವಿಳಾಸಪುಸ್ತಕ. ರೌಟರೇ ಮೌನವಾಗಿದ್ದರೆ ತಪ್ಪು ಕೋಣೆಯೊಳಗೇ ಇದೆ. ಬೆಂಗಳೂರನ್ನು ದೂರಿ ಫಲವಿಲ್ಲ.

ಉತ್ತರ ಬರಲು ಹಿಡಿದ ಕಾಲವೂ ಒಂದು ಕಥೆಯನ್ನು ಹೇಳುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರು ಇಲ್ಲಿಂದ 80 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿಬರಲು ಒಂದು ಮಿಲಿಸೆಕೆಂಡೂ ಬೇಡ. ವಾಸ್ತವದಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡು ತೋರಿಸಿದರೆ ಅದು ದಾರಿಯ ಸುತ್ತು ಹಾಗೂ ನಡುವಣ ಯಂತ್ರಗಳು ತೆಗೆದುಕೊಂಡ ಹೊತ್ತು, ಅದಕ್ಕೆ ಚಿಂತಿಸಬೇಕಾಗಿಲ್ಲ. ಎಂಟು ನೂರು, ಒಂಬತ್ತು ನೂರು ಎಂದು ಬಂದರೆ, ಅಥವಾ ನಾಲ್ಕರಲ್ಲಿ ಎರಡು ಸಂದೇಶಗಳು ಕಳೆದುಹೋದರೆ, ಎಲ್ಲಿಯೋ ಜನಜಂಗುಳಿ ಇದೆ ಇಲ್ಲವೆ ತಂತಿ ಗಾಯಗೊಂಡಿದೆ. ಒಂದು ಎಚ್ಚರಿಕೆ: ಕೆಲವು ಸರ್ವರುಗಳು ಪಿಂಗಿಗೆ ಉತ್ತರ ಕೊಡದಂತೆ ಬೇಕೆಂದೇ ಏರ್ಪಡಿಸಿರುತ್ತಾರೆ. ಆದಕಾರಣ ಮೌನವೊಂದನ್ನೇ ಮರಣವೆಂದು ತಿಳಿಯಬಾರದು. ತಾಣ ಎಲ್ಲರಿಗೂ ತೆರೆದಿರುವಂಥದಾದರೆ, ಕೈಯಲ್ಲಿರುವ ಮೊಬೈಲಿನ ಸ್ವಂತ ಜಾಲದಿಂದ ಅದನ್ನು ತೆರೆದುನೋಡುವುದು ಎಲ್ಲಕ್ಕಿಂತ ಸುಲಭವಾದ ಸಾಕ್ಷ್ಯ.

ಇನ್ನು ಕನ್ನಡಕ್ಕೇ ವಿಶಿಷ್ಟವಾದ ಒಂದು ರೋಗವನ್ನು ನೋಡೋಣ. ಇದು ನಮ್ಮ ಕಚೇರಿಗಳಲ್ಲಿ ಅಪವ್ಯಯ ಮಾಡಿಸಿದಷ್ಟು ಕಾಲವನ್ನು ಬೇರೆ ಯಾವುದೂ ಮಾಡಿಸಿರಲಾರದು. ಜಿಲ್ಲಾ ಕೇಂದ್ರದಿಂದ ಒಂದು ಸುತ್ತೋಲೆ ಬಂತು. ತೆರೆದು ನೋಡಿದರೆ ಕನ್ನಡವೇ ಇಲ್ಲ. ಪರದೆಯ ತುಂಬ ರೋಮನ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೀಟು, ಟೋಪಿ, ಬೊಟ್ಟು. ಕನ್ನಡ ಎಂಬ ಪದ ಇರಬೇಕಾದಲ್ಲಿ ಬ್ರಿಟಿಷರ ಪೌಂಡ್ ನಾಣ್ಯದ ಗುರುತೊಂದು ನಡುವೆ ನಿಂತಿರುತ್ತದೆ. ಕಡತಕ್ಕೆ ವೈರಸ್ ತಗುಲಿತೆಂದು ಅಳಿಸಿಹಾಕಿದವರೂ ಉಂಟು. ಆದರೆ ಕಡತ ಆರೋಗ್ಯವಾಗಿಯೇ ಇದೆ.

ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುವುದು. ಯಾವ ಅಂಕಿಗೆ ಯಾವ ಅಕ್ಷರವೆಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಹಳೆಯ ಒಪ್ಪಂದದಲ್ಲಿ ಇದ್ದುದು 256 ಮನೆಗಳು. ಅವೆಲ್ಲವನ್ನೂ ರೋಮನ್ ಲಿಪಿ, ಅದರ ಯೂರೋಪಿನ ಬಂಧುಗಳು ಹಾಗೂ ಕೆಲವು ಗುರುತುಗಳು ಆಕ್ರಮಿಸಿಕೊಂಡಿದ್ದುವು. ಕನ್ನಡಕ್ಕೆ ಮನೆಯೇ ಇರಲಿಲ್ಲ. ನಮ್ಮ ತಂತ್ರಜ್ಞರು ಒಂದು ಜಾಣ ಉಪಾಯ ಮಾಡಿದರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರಿ ಕಚೇರಿಗಳಲ್ಲೆಲ್ಲ ಹರಡಿದ ‘ನುಡಿ’ ಇವುಗಳಲ್ಲಿ, ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಚೂರುಗಳನ್ನು ಬಾಡಿಗೆಗೆ ಇರಿಸಲಾಯಿತು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ‘ಕ’ ಎಂಬುದರ ಒಡಲು 80ನೆಯ ಮನೆಯಲ್ಲಿ, ತಲೆಕಟ್ಟು 192ನೆಯ ಮನೆಯಲ್ಲಿ. ‘ನ’ದ ಒಡಲು 163ರಲ್ಲಿ, ನಕಾರದ ಒತ್ತು 223ರಲ್ಲಿ, ‘ಡ’ದ ಒಡಲು 113ರಲ್ಲಿ. ಆದುದರಿಂದ ‘ಕನ್ನಡ’ ಎಂದರೆ ಗಣಕಕ್ಕೆ 80, 192, 163, 192, 223, 113, 192 ಎಂಬ ಏಳು ಅಂಕಿಗಳು. ನುಡಿ ಅಕ್ಷರವಿನ್ಯಾಸವಿರುವ ಗಣಕ ಇವನ್ನು ಕನ್ನಡವಾಗಿ ಚಿತ್ರಿಸುತ್ತದೆ. ಅದಿಲ್ಲದ ಗಣಕ ಮನೆಯ ಮೂಲ ಒಡೆಯರನ್ನು ತೋರಿಸುತ್ತದೆ. 163ನೆಯ ಮನೆಯ ಮೂಲ ಒಡೆಯ ಪೌಂಡ್ ಗುರುತು! ಚಿಕಿತ್ಸೆಯೂ ಇದರಿಂದಲೇ ಸ್ಪಷ್ಟ: ಪಠ್ಯವನ್ನೆಲ್ಲ ಆರಿಸಿ ನುಡಿಯ ಅಕ್ಷರವಿನ್ಯಾಸವನ್ನು ಕೊಟ್ಟರೆ ಕನ್ನಡ ಪ್ರತ್ಯಕ್ಷವಾಗುತ್ತದೆ.

ಶಾಶ್ವತ ಪರಿಹಾರ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಬೀದಿ ದೊರೆತಿತ್ತು: 3200ರಿಂದ 3327ರವರೆಗೆ 128 ಮನೆಗಳು. ಅಲ್ಲಿ ‘ಕನ್ನಡ’ ಎಂಬುದು 3221, 3240, 3277, 3240, 3233 ಎಂಬ ಐದು ಅಂಕಿಗಳು. ಕ, ನ, ವಿರಾಮ, ನ, ಡ. ಚೂರುಗಳ ಚಿತ್ರವನ್ನಲ್ಲ, ಅಕ್ಷರವನ್ನೇ ಬರೆದಂತಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸ ಇದ್ದಿತು. ಆದರೆ ಕಚೇರಿಗಳಲ್ಲಿ ಅಷ್ಟು ಹೊತ್ತಿಗೆ ಹಳೆಯ ಪದ್ಧತಿಯ ಕಡತಗಳು ರಾಶಿ ಬಿದ್ದಿದ್ದುವು. ಆ ರಾಶಿ ಇಂದಿಗೂ ಕರಗಿಲ್ಲ.

ಇದು ಕೇವಲ ಕಣ್ಣಿನ ತೊಂದರೆಯಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಹಳೆಯ ಪದ್ಧತಿಯಲ್ಲಿ ಬರೆದ ಪಟ್ಟಿಯಲ್ಲಿ ಯೂನಿಕೋಡಿನ ಮೂಲಕ ಒಂದು ಹೆಸರನ್ನು ಹುಡುಕಿದರೆ ಅದು ಸಿಕ್ಕುವುದೇ ಇಲ್ಲ. ಏಕೆಂದರೆ ಅಂಕಿಗಳೇ ಬೇರೆ. ಯೂನಿಕೋಡಿನೊಳಗೂ ಒಂದು ಬಲೆಯಿದೆ. ‘ದೊಡ್ಡಮ್ಮ’ ಎಂಬ ಹೆಸರಿನ ಮೊದಲ ಅಕ್ಷರದ ಒಕಾರವನ್ನು 3274 ಎಂದು ಒಂದೇ ಅಂಕಿಯಾಗಿ ಬರೆಯಬಹುದು. 3270, 3266 ಎಂದು ಎತ್ವ ಮತ್ತು ದೀರ್ಘ ಉಕಾರಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಇವೆರಡನ್ನೂ ಸಮವೆಂದು ತಿಳಿಯಬೇಕೆಂಬ ನಿಯಮ ಯೂನಿಕೋಡಿನಲ್ಲಿದೆ; ಅದನ್ನು ಪಾಲಿಸದ ತಂತ್ರಾಂಶಕ್ಕೆ ಇವರು ಇಬ್ಬರು ದೊಡ್ಡಮ್ಮಂದಿರು. ಕಣ್ಣೆದುರಿಗೆ ನಿಂತಿರುವ ಮುದುಕಿಗೆ “ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ ಅಜ್ಜಿ” ಎಂದು ಹೇಳುವ ಮುನ್ನ ಆ ಹೆಸರನ್ನು ಇನ್ನೊಂದು ಬಗೆಯಲ್ಲಿ ಬೆರಳಚ್ಚು ಮಾಡಿ ನೋಡುವುದು, ಅಥವಾ ಹೆಸರನ್ನು ಬಿಟ್ಟು ಸರ್ವೆ ನಂಬರಿನಿಂದ ಹುಡುಕುವುದು ಯೋಗ್ಯ.

ಎಲ್ಲ ರೋಗಕ್ಕೂ ಒಂದೇ ಮದ್ದೆಂಬಂತೆ “ಆಫ್ ಮಾಡಿ ಆನ್ ಮಾಡಿ” ಎಂದು ಹೇಳುವವರನ್ನು ನಾವು ಪರಿಹಾಸ ಮಾಡಬೇಕಾಗಿಲ್ಲ. ಈ ಮದ್ದು ಕೆಲಸ ಮಾಡುವುದಕ್ಕೆ ಕಾರಣವಿದೆ. ಗಣಕದ ಸ್ಮೃತಿಯೆಂಬುದು ವಿದ್ಯುತ್ತಿನ ಸೂಕ್ಷ್ಮವಾದ ಕೊಡಗಳ ಸಾಲು. ಕೊಡಗಳು ಸದಾ ಸೋರುತ್ತಿರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅವನ್ನು ಮತ್ತೆ ತುಂಬಬೇಕು. ವಿದ್ಯುತ್ತು ನಿಂತರೆ ಕೊಡಗಳೆಲ್ಲ ಬರಿದಾಗುತ್ತವೆ. ಬೆಳಗಿನಿಂದ ಕಾರ್ಯಕ್ರಮಗಳು ಅಲ್ಲಿ ಬಿಟ್ಟುಹೋದ ಕಸವೂ, ತಪ್ಪು ಅಂಕಿಗಳೂ ಅಳಿಸಿಹೋಗುತ್ತವೆ. ಆದರೆ 2012ರ ವಿಂಡೋಸ್ 8ರಿಂದೀಚೆಗೆ ಇಲ್ಲೊಂದು ತಿರುವು ಇದೆ. ಬೇಗನೆ ತೆರೆದುಕೊಳ್ಳಲೆಂದು ‘ಷಟ್ ಡೌನ್’ ಕೊಟ್ಟಾಗ ಗಣಕ ವ್ಯವಸ್ಥೆಯ ತಿರುಳನ್ನು ಡಿಸ್ಕಿನಲ್ಲಿ ಬಚ್ಚಿಟ್ಟು, ಮರುದಿನ ಅದನ್ನೇ ಹೊರತೆಗೆಯುವ ಏರ್ಪಾಡು ಬಹುಮಟ್ಟಿಗೆ ಚಾಲನೆಯಲ್ಲಿರುತ್ತದೆ. ಹಳೆಯ ಕಸದಲ್ಲಿ ಕೊಂಚ ಹಾಗೆಯೇ ಉಳಿಯುತ್ತದೆ. ಪೂರ್ತಿ ಗುಡಿಸಬೇಕಾದರೆ ‘ರೀಸ್ಟಾರ್ಟ್’ ಎಂಬುದನ್ನೇ ಒತ್ತಬೇಕು. ಹಾಗೆ ಒತ್ತುವ ಮೊದಲು ಪರದೆಯ ಮೇಲಿನ ದೋಷಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಬೇಕು, ಇಲ್ಲವೆ ಮೊಬೈಲಿನಿಂದ ಚಿತ್ರ ತೆಗೆದುಕೊಳ್ಳಬೇಕು. ಕಸದ ಜೊತೆಗೆ ಸಾಕ್ಷ್ಯವೂ ಹೋಗುತ್ತದಷ್ಟೆ.

ರೀಸ್ಟಾರ್ಟಿನಿಂದಲೂ ಗುಣವಾಗದ ರೋಗಕ್ಕೆ 2024ರ ಜುಲೈ 19 ಸಾಕ್ಷಿ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಪುಟ್ಟ ಹೊಸ ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿಪರದೆ ತೋರಿಸಿ ಬಿದ್ದುವು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿರುವ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ಸಾಲು ಬೆಳೆಯಿತು; ದೇಶದ ಕೆಲವು ನಿಲ್ದಾಣಗಳಲ್ಲಿ ಪ್ರಯಾಣಪತ್ರಗಳನ್ನು ಕೈಯಲ್ಲಿ ಬರೆದುಕೊಟ್ಟರು. ತಂತ್ರಾಂಶ 20 ಮೌಲ್ಯಗಳಿದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋಗಿ ಮುಗ್ಗರಿಸಿತ್ತು. ಪ್ರತಿ ಸಲ ಗಣಕ ಏಳುವಾಗಲೂ ಅದೇ ಕಡತವನ್ನು ಓದುತ್ತಿದ್ದುದರಿಂದ ಪ್ರತಿ ಸಲವೂ ಬೀಳುತ್ತಿತ್ತು. ಬಹುಪಾಲು ಯಂತ್ರಗಳಲ್ಲಿ ಒಬ್ಬ ಮನುಷ್ಯ ಎದುರಿಗೆ ಕುಳಿತು, ಸುರಕ್ಷಾ ಸ್ಥಿತಿಯಲ್ಲಿ ಗಣಕವನ್ನು ಎಬ್ಬಿಸಿ, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ನಿನ್ನೆ ಸರಿಯಿದ್ದುದು ಇಂದು ಕೆಟ್ಟಿದ್ದರೆ, ಮೊದಲು ಕೇಳತಕ್ಕ ಪ್ರಶ್ನೆ ‘ನಡುವೆ ಬದಲಾದುದೇನು?’ ಎಂಬುದು. ಹೊಸ ಪ್ರಿಂಟರೋ, ರಾತ್ರಿ ತಾನಾಗಿಯೇ ಬಂದ ಹೊಸ ಆವೃತ್ತಿಯೋ, ಕಸ ಗುಡಿಸುವಾಗ ಸರಿಸಿದ ಮೇಜೋ ಉತ್ತರವಾಗಿರಬಹುದು.

ಈ ಪ್ರಶ್ನೆಗೆ ನೆನಪಿನಿಂದ ಉತ್ತರ ಕೊಡುವುದು ಕಷ್ಟ. ದಿನಚರಿಯ ಪುಸ್ತಕವೊಂದು ಬೇಕು. ಗಣಕಗಳ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ದೋಷದ ದಾಖಲೆ ಇರುವುದು ಅಂಥ ಪುಸ್ತಕದಲ್ಲಿಯೇ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನ ಮಾರ್ಕ್ 2 ಎಂಬ ಬೃಹತ್ ಗಣಕದ 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಬಿದ್ದಿತ್ತು. ಅಲ್ಲಿನವರು ಅದನ್ನು ಹೊರತೆಗೆದು, ಗಳಿಗೆಯನ್ನು ನಮೂದಿಸಿ, ಪತಂಗವನ್ನೇ ಪುಟಕ್ಕೆ ಅಂಟಿಸಿದರು. ಆ ಪುಟವನ್ನು ಇಂದಿಗೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ರಕ್ಷಿಸಿದ್ದಾರೆ. ಯಂತ್ರದೋಷವನ್ನು ‘ಬಗ್’ ಎಂದರೆ ಹುಳುವೆಂದು ಕರೆಯುವ ರೂಢಿ ಅದಕ್ಕಿಂತ ಹಳೆಯದು. ಎಡಿಸನ್ 1878ರಲ್ಲಿಯೇ ಆ ಪದವನ್ನು ಬಳಸಿದ್ದನು. ನಮ್ಮಲ್ಲಿಯಂತೂ ಇದು ರೂಪಕವಷ್ಟೇ ಅಲ್ಲ. ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದ ಇರುವೆಗಳೂ, ಯುಪಿಎಸ್‌ನ ಬಿಸಿಗೆ ಹೋಗಿ ಮಲಗಿದ ಹಲ್ಲಿಯೂ ಎಷ್ಟೋ ಕಚೇರಿಗಳ ಬೆಳಕನ್ನು ಆರಿಸಿವೆ.

ತಾರೀಖು, ಗಳಿಗೆ, ಕಂಡ ಲಕ್ಷಣ, ಮಾಡಿದ ಪರೀಕ್ಷೆ, ಫಲಿತಾಂಶ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡುತ್ತ ಬಂದರೆ ಕೆಲವು ತಿಂಗಳಲ್ಲಿ ಬಿಡಿಬಿಡಿಯಾಗಿ ಕಾಣದ ಸಂಗತಿಗಳು ಒಟ್ಟಿಗೆ ಕಾಣತೊಡಗುತ್ತವೆ. ಬೆರಳಿನ ಗುರುತು ಓದುವ ಯಂತ್ರದ ದೂರುಗಳನ್ನೇ ತೆಗೆದುಕೊಳ್ಳೋಣ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯುವಾಗ ಆಧಾರ್ ಪದ್ಧತಿಯಂತೆ ಬೆರಳೊತ್ತಬೇಕು. ‘ಯಂತ್ರ ಕೆಟ್ಟಿದೆ’ ಎಂದು ಬರೆದ ದಿನಗಳಲ್ಲಿಯೇ ಅದು ಬೇರೆಯವರ ಬೆರಳನ್ನು ಸರಿಯಾಗಿ ಓದಿತ್ತೆಂದು ಪುಸ್ತಕ ತೋರಿಸಿದರೆ, ದೋಷ ಯಂತ್ರದಲ್ಲಿಲ್ಲ. ಓದಲಾಗದವರು ಯಾರು ಎಂದು ಆಗ ನೋಡಬೇಕು.

ಬೆರಳಿನ ಗೆರೆಗಳು ಚರ್ಮದ ಸಣ್ಣ ಏಣುಗಳು. ಕಲ್ಲು ಹೊತ್ತ ಕೈಯಲ್ಲಿ, ಗುದ್ದಲಿ ಹಿಡಿದ ಕೈಯಲ್ಲಿ ಅವು ಸವೆದಿರುತ್ತವೆ. ನೆರೆಯ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಅದ್ದಿ ನೂಲು ತೆಗೆಯುವವರ ಬೆರಳ ತುದಿ ಬೆಂದು ಸುಕ್ಕುಗಟ್ಟಿರುತ್ತದೆ. ಮುಪ್ಪಿನಲ್ಲಿ ಏಣುಗಳು ತಾವಾಗಿಯೇ ತಗ್ಗುತ್ತವೆ. ಚಳಿಗಾಲದ ಒಣಗಾಳಿಗೆ ಚರ್ಮ ಬಿರಿಯುತ್ತದೆ. ಯಂತ್ರದ ಗಾಜನ್ನು ಒಣಬಟ್ಟೆಯಿಂದ ಒರೆಸುವುದು, ಒಣಗಿದ ಬೆರಳಿಗೆ ಕೊಂಚ ತೇವ ಕೊಡುವುದು, ಒದ್ದೆಯಿದ್ದರೆ ಒರೆಸಿಕೊಳ್ಳುವುದು, ಬೆರಳನ್ನು ಚಪ್ಪಟೆಯಾಗಿ ಒತ್ತಿಸುವುದು ಇವು ಮೊದಲ ಪರೀಕ್ಷೆಗಳು. ಆಧಾರ್ ನೋಂದಣಿಯಲ್ಲಿ ಹತ್ತು ಬೆರಳುಗಳ ಗುರುತನ್ನೂ ತೆಗೆದುಕೊಂಡಿರುತ್ತಾರೆಂಬುದು ಬಹುಮಂದಿಗೆ ನೆನಪಿರುವುದಿಲ್ಲ. ಹೆಬ್ಬೆಟ್ಟು ಒಪ್ಪದಿದ್ದರೆ, ಕೆಲಸದಲ್ಲಿ ಕಡಮೆ ಸವೆಯುವ ಎಡಗೈಯ ಉಂಗುರಬೆರಳು ಒಪ್ಪಬಹುದು.